403 ಫರ್ಬಿಡನ್ ಅಂತ ಬಂದರೆ ಬೇಡ ಅಂದವರು ಯಾರು ಅಂತ ಮೊದಲು ನೋಡಿ

ಬ್ರೌಸರಿನಲ್ಲಿ ಜಾಲತಾಣವೋ ಮೇಲೋ ತೆರೆಯುವಾಗ 403 ಅಂತ ಬಂದ ಕೂಡಲೇ ಪಾಸ್‌ವರ್ಡ್ ಬದಲಿಸಲು ಹೋಗಬೇಡಿ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನನಗೆ ಫೋನ್ ಮಾಡುವವರು ಅಷ್ಟು ಹೊತ್ತಿಗಾಗಲೇ ಎರಡು ಮೂರು ಸಲ ಪಾಸ್‌ವರ್ಡ್ ಬದಲಿಸಿ, ಯಾವುದು ಹೊಸದು ಯಾವುದು ಹಳೆಯದು ಅಂತ ತಾವೇ ಮರೆತು, ಒಂದಿದ್ದ ತೊಂದರೆಯನ್ನು ಎರಡು ಮಾಡಿಕೊಂಡಿರುತ್ತಾರೆ.

ನಮ್ಮ ಕಡೆಯ ಒಂದು ಸಣ್ಣ ಸಹಕಾರ ಸಂಘದ ಜಾಲತಾಣ ಮತ್ತು ಮೇಲ್ ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ಅಲ್ಲಿನ ಗುಮಾಸ್ತರಿಂದ ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಬಂತು ಅಂದರೆ ಮಾತು ಹೀಗೇ ಶುರುವಾಗುತ್ತದೆ: "ಅಣ್ಣಾ, ಮೇಲ್ ಓಪನ್ ಆಗ್ತಾ ಇಲ್ಲ, ಫರ್ಬಿಡನ್ ಅಂತಿದೆ. ಅಧ್ಯಕ್ಷರು ಎದುರಿಗೇ ಕೂತಿದಾರೆ." ಆಗ ನಾನು ಕೇಳುವ ಪ್ರಶ್ನೆಗಳು, ನೋಡುವ ಜಾಗಗಳು, ನೋಡುವ ಕ್ರಮ ಇವನ್ನೇ ಇಲ್ಲಿ ಬರೆದಿದ್ದೇನೆ. ಮೊದಲರ್ಧ ಎಲ್ಲರಿಗೂ. ಕೊನೆಯ ಭಾಗ ಸ್ವಂತ ಜಾಲತಾಣ ಇಟ್ಟುಕೊಂಡವರಿಗೆ.

403 ಬಂತು ಅಂದರೆ ನಿಮ್ಮ ನೆಟ್ ಸರಿ ಇದೆ. ನೀವು ಕೇಳಿದ್ದು ಸಾಮಾನ್ಯವಾಗಿ ಸರ್ವರ್‌ಗೆ (ಜಾಲತಾಣ ಇಟ್ಟಿರುವ ಕಂಪ್ಯೂಟರಿಗೆ) ತಲುಪಿದೆ, ಅದಕ್ಕೆ ಅರ್ಥವೂ ಆಗಿದೆ, ಆದರೂ "ಕೊಡೋದಿಲ್ಲ" ಅಂದಿದೆ. 401 ಬಂದರೆ "ನೀವು ಯಾರು, ಮೊದಲು ಲಾಗಿನ್ ಆಗಿ" ಅಂತ. 404 ಬಂದರೆ "ಅಂಥದ್ದು ಇಲ್ಲಿಲ್ಲ" ಅಂತ. 500 ಮತ್ತು ಅದರ ಮೇಲಿನ ಸಂಖ್ಯೆ ಬಂದರೆ ಸರ್ವರ್ ಒಳಗೇ ಏನೋ ಕೆಟ್ಟಿದೆ. 403 ಬಂದಾಗ ಏನೂ ಕೆಟ್ಟಿರಬೇಕಾಗಿಲ್ಲ, ಬಾಗಿಲಲ್ಲಿ ಯಾರೋ ನಿಂತು ಬೇಡ ಅಂದಿದ್ದಾರೆ ಅಷ್ಟೇ. ಆದರೆ ಬಾಗಿಲು ಒಂದಲ್ಲ. ನಿಮ್ಮ ಆಫೀಸಿನ ಫೈರ್‌ವಾಲ್ (ನೆಟ್‌ಗೆ ಹೋಗಿಬರುವುದನ್ನು ಕಾಯುವ ವ್ಯವಸ್ಥೆ), ಜಾಲತಾಣದ ಮುಂದೆ ನಿಂತಿರುವ ಕ್ಲೌಡ್‌ಫ್ಲೇರ್ ಥರದ ಸೇವೆ, ಸರ್ವರ್‌ನ ಭದ್ರತಾ ನಿಯಮ, ಫೋಲ್ಡರಿನ ಅನುಮತಿ, ಕೊನೆಗೆ ಆ ಮೇಲ್ ಪ್ರೋಗ್ರಾಂ, ಹೀಗೆ ಸಾಲಾಗಿ ಬಾಗಿಲುಗಳಿವೆ. ಎಲ್ಲರೂ ಹೇಳುವುದು ಒಂದೇ 403. ಹಾಗಾಗಿ ಯಾರು ಹೇಳಿದ್ದು ಅಂತ ಗೊತ್ತಾಗುವ ತನಕ ಏನು ಮಾಡಿದರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಮೊದಲ ಹೆಜ್ಜೆ: ಪುಟವನ್ನು ಓದಿ

ಜನ ಫರ್ಬಿಡನ್ ಅನ್ನುವ ಪದ ಕಂಡ ಕೂಡಲೇ ಪುಟ ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ. ಆ ಪುಟದ ಮೇಲೇ, ಮುಖ್ಯವಾಗಿ ಕೊನೆಯ ಸಾಲಿನಲ್ಲಿ, ಅದನ್ನು ಹೇಳಿದವರ ಗುರುತು ಇರುತ್ತದೆ. ಅದನ್ನೊಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಗಂಟೆ ನಿಮಿಷ ಬರೆದಿಟ್ಟುಕೊಳ್ಳಿ. ಮುಂದೆ ಎರಡೂ ಬೇಕಾಗುತ್ತವೆ.

ಬಿಳಿ ಪುಟದಲ್ಲಿ ಎಡಗಡೆ ದಪ್ಪಕ್ಷರದಲ್ಲಿ ಫರ್ಬಿಡನ್, ಕೆಳಗೆ ಅಪಾಚೆ ಅಂತ ಒಂದು ಸಾಲು ಇದ್ದರೆ ಮಾತಾಡಿದ್ದು ಅಪಾಚೆ ಅನ್ನುವ ಸರ್ವರ್ ಪ್ರೋಗ್ರಾಂ. ಪುಟದ ನಡುವೆ 403 ಫರ್ಬಿಡನ್, ಅದರ ಕೆಳಗೊಂದು ಗೆರೆ, ಗೆರೆಯ ಕೆಳಗೆ ಎಂಜಿನ್‌ಎಕ್ಸ್ ಅಂತಿದ್ದರೆ ಅದು ಆ ಹೆಸರಿನ ಬೇರೆ ಸರ್ವರ್ ಪ್ರೋಗ್ರಾಂ. ಲೈಟ್‌ಸ್ಪೀಡ್ ತನ್ನ ಹೆಸರನ್ನು ಪುಟದ ಅಡಿಯಲ್ಲಿ ಹಾಕಿಕೊಳ್ಳುತ್ತದೆ. ನಿಮ್ಮನ್ನು ತಡೆಯಲಾಗಿದೆ ಅಂತ ದೊಡ್ಡದಾಗಿ ಹೇಳಿ, ಕೆಳಗೆ ರೇ ಐಡಿ ಅಂತ ಅಕ್ಷರ ಅಂಕಿ ಕಲಸಿದ ಒಂದು ಗುರುತು ಕೊಟ್ಟಿದ್ದರೆ ಕ್ಲೌಡ್‌ಫ್ಲೇರ್. ಆ್ಯಕ್ಸೆಸ್ ಡಿನೈಡ್ ಅಂದು ಉದ್ದನೆಯ ರೆಫರೆನ್ಸ್ ಸಂಖ್ಯೆ ಕೊಟ್ಟರೆ ಹೆಚ್ಚಾಗಿ ಅಕಮಾಯ್, ಕ್ಲೌಡ್‌ಫ್ಲೇರ್ ಥರದ್ದೇ ಇನ್ನೊಂದು ಸೇವೆ. ದೊಡ್ಡ ಬ್ಯಾಂಕು, ವಿಮಾನ ಕಂಪನಿಗಳ ತಾಣಗಳಲ್ಲಿ ಇದನ್ನು ನೋಡಿರುತ್ತೀರಿ. ಮೈಕ್ರೋಸಾಫ್ಟಿನ ಸರ್ವರ್ ಆದರೆ 403ರ ಮುಂದೆ ಇನ್ನೊಂದು ಅಂಕಿ ಸೇರಿಸಿ ಕಾರಣವನ್ನೂ ಹೇಳುತ್ತದೆ: 403.14 ಅಂದರೆ ಫೋಲ್ಡರಿನಲ್ಲಿ ತೋರಿಸಲು ಮುಖಪುಟ ಇಲ್ಲ, ಪಟ್ಟಿ ತೋರಿಸುವುದಕ್ಕೂ ಅನುಮತಿ ಇಲ್ಲ. 403.6 ಅಂದರೆ ನಿಮ್ಮ ಐಪಿ ವಿಳಾಸವನ್ನು (ನೆಟ್‌ನಲ್ಲಿ ನಿಮ್ಮ ಸಂಪರ್ಕಕ್ಕಿರುವ ಗುರುತಿನ ಸಂಖ್ಯೆಯನ್ನು) ನಿರಾಕರಿಸಲಾಗಿದೆ. 403.4 ಅಂದರೆ ಎಚ್‌ಟಿಟಿಪಿಎಸ್ ಹಾಕಿ ಬನ್ನಿ ಅಂತ.

ನಿಮ್ಮ ಆಫೀಸಿನ ಲೋಗೋ ಅಥವಾ ಫೈರ್‌ವಾಲ್ ಕಂಪನಿಯ ಹೆಸರು ಆ ಪುಟದಲ್ಲಿ ಕಂಡರೆ, ಆ ಜಾಲತಾಣದವರಿಗೆ ಬೈದು ಪ್ರಯೋಜನ ಇಲ್ಲ. ತಡೆದದ್ದು ನಿಮ್ಮ ಆಫೀಸಿನವರೇ.

ಎರಡನೆಯದು: ನಿಮಗೆ ಮಾತ್ರವಾ, ಎಲ್ಲರಿಗೂನಾ

ಇಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಬ್ರೌಸರೂ ಬೇರೆ, ನೆಟ್ಟೂ ಬೇರೆ, ಫೋನೂ ಬೇರೆ ಮಾಡಿಬಿಟ್ಟರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಮೊದಲು ಅದೇ ಕಂಪ್ಯೂಟರಿನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು ನೋಡಿ. ಅಲ್ಲಿ ತೆರೆದುಕೊಂಡರೆ ತೊಂದರೆ ಇರುವುದು ನಿಮ್ಮ ಬ್ರೌಸರಿನಲ್ಲಿ ಉಳಿದಿರುವ ಹಳೆಯ ಕುಕೀಗಳಲ್ಲಿ (ತಾಣಗಳು ಬ್ರೌಸರಿನಲ್ಲಿ ಇಟ್ಟುಹೋಗುವ ಗುರುತುಗಳಲ್ಲಿ) ಅಥವಾ ಯಾವುದೋ ಎಕ್ಸ್‌ಟೆನ್ಷನ್‌ನಲ್ಲಿ. ಆಗ ಆ ಒಂದು ತಾಣದ ಕುಕೀಗಳನ್ನು ಮಾತ್ರ ಅಳಿಸಿ. ವಿಳಾಸದ ಪಟ್ಟಿಯಲ್ಲಿ ಎಡಗಡೆ ಇರುವ ಚಿಹ್ನೆ ಒತ್ತಿದರೆ ಕ್ರೋಮ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಕುಕೀಸ್ ಮತ್ತು ಸೈಟ್ ಡೇಟಾ ಅಂತ ಸಿಗುತ್ತದೆ. ಎಲ್ಲವನ್ನೂ ಒಟ್ಟಿಗೆ ಒರೆಸಿಬಿಟ್ಟರೆ ಬೇರೆ ಎಲ್ಲಾ ಕಡೆಯೂ ಲಾಗೌಟ್ ಆಗಿ, ಒಂದೊಂದಕ್ಕೂ ಒಟಿಪಿ ಕಾಯುತ್ತಾ ಕೂರಬೇಕಾಗುತ್ತದೆ.

ಇನ್‌ಕಾಗ್ನಿಟೊದಲ್ಲೂ ಬರಲಿಲ್ಲವಾ? ಫೋನ್ ತೆಗೆದುಕೊಳ್ಳಿ, ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದೇ ವಿಳಾಸ ತೆರೆಯಿರಿ. ಇದೊಂದು ಪರೀಕ್ಷೆ ಎಷ್ಟು ವಿಷಯ ಹೇಳುತ್ತದೆ ಅಂದರೆ, ನಾನು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆಯೇ ಇದು. ಮೊಬೈಲ್ ಡೇಟಾದಲ್ಲಿ ಬಂದು ವೈಫೈನಲ್ಲಿ ಬರದಿದ್ದರೆ, ನಿಮ್ಮ ಮನೆಯ ಅಥವಾ ಆಫೀಸಿನ ಐಪಿ ವಿಳಾಸಕ್ಕೆ ತಡೆ ಬಿದ್ದಿರುವ ಸಾಧ್ಯತೆ ಜಾಸ್ತಿ. ಎರಡರಲ್ಲೂ ಬರದಿದ್ದರೆ ಬೇರೆ ಊರಿನಲ್ಲಿರುವ ಒಬ್ಬರಿಗೆ ವಿಳಾಸ ಕಳಿಸಿ ನೋಡಲು ಹೇಳಿ. ಅವರಿಗೂ ಬರದಿದ್ದರೆ ತೊಂದರೆ ಸರ್ವರ್ ಕಡೆಯದು, ನೀವು ನಿಮ್ಮ ಕಂಪ್ಯೂಟರ್ ಕೆದಕುವುದು ನಿಲ್ಲಿಸಬಹುದು.

ವಿಪಿಎನ್ (ನಿಮ್ಮ ನೆಟ್ಟನ್ನು ಬೇರೆ ಕಡೆಯ ಸರ್ವರ್ ಮೂಲಕ ಹಾಯಿಸುವ ಸೇವೆ) ಇದ್ದರೆ ಆಫ್ ಮಾಡಿ ನೋಡುವುದನ್ನು ಮರೆಯಬೇಡಿ. ಒಂದು ವಿಪಿಎನ್ ವಿಳಾಸವನ್ನು ನೂರಾರು ಜನ ಹಂಚಿಕೊಂಡಿರುತ್ತಾರೆ, ಅದರಲ್ಲಿ ಒಬ್ಬ ಕಿಡಿಗೇಡಿ ಇದ್ದರೂ ಎಲ್ಲರಿಗೂ ಬಾಗಿಲು ಮುಚ್ಚುತ್ತದೆ. ಮೊಬೈಲ್ ಜಾಲಗಳಲ್ಲೂ ಇದೇ ಕಥೆ. ಐಪಿವಿ4 ಅನ್ನುವ ಹಳೆಯ ಬಗೆಯ ಐಪಿ ವಿಳಾಸಗಳು ಸಾಲದ ಕಾರಣ ಮೊಬೈಲ್ ಕಂಪನಿಗಳು ಒಂದೇ ವಿಳಾಸದ ಹಿಂದೆ ಬಹಳ ಜನರನ್ನು ಇಟ್ಟಿರುತ್ತವೆ. ಹಾಗಾಗಿ ಏನೂ ತಪ್ಪು ಮಾಡದ ನಿಮಗೂ ತಡೆ ಬೀಳಬಹುದು. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತೆ ಅಂತ ಕೆಲವರು ಹೇಳುತ್ತಾರಲ್ವಾ, ಅದು ಕೆಲವು ಸಲ ನಿಜವೂ ಆಗುತ್ತದೆ, ಯಾಕೆಂದರೆ ರೂಟರ್ ಮತ್ತೆ ಎದ್ದಾಗ ಹೊಸ ಐಪಿ ಸಿಗುತ್ತದೆ. ಆದರೆ ಹಳೆಯದಕ್ಕೆ ತಡೆ ಬಿದ್ದ ಕಾರಣ ಹಾಗೇ ಉಳಿದಿದ್ದರೆ ನಾಳೆ ಹೊಸದಕ್ಕೂ ಬೀಳುತ್ತದೆ.

ಹೊರದೇಶದಲ್ಲಿ ಇರುವವರಿಗೆ ಒಂದು ಮಾತು. ನಮ್ಮ ಕೆಲವು ಸರ್ಕಾರಿ ತಾಣಗಳು ಭಾರತದ ಹೊರಗಿನ ಐಪಿಗಳನ್ನು ಒಳಗೆ ಬಿಡುವುದಿಲ್ಲ. ದುಬೈಯಲ್ಲೋ ಡಲ್ಲಾಸ್‌ನಲ್ಲೋ ಕೂತು ಊರಿನ ಜಮೀನಿನ ಕಾಗದಕ್ಕೆ ಅಂತ ತೆರೆದರೆ 403 ಬರಬಹುದು. ಕುಕೀ ಅಳಿಸಿದರೂ ಬ್ರೌಸರ್ ಬದಲಿಸಿದರೂ ಅದು ಹೋಗುವುದಿಲ್ಲ. ಆ ತಾಣದ ಸಹಾಯವಾಣಿಗೆ ಮೇಲ್ ಬರೆಯಿರಿ. ಅವಸರ ಇದ್ದರೆ ಊರಿನಲ್ಲಿರುವ ಅಣ್ಣನೋ ಅಕ್ಕನೋ ಅಲ್ಲಿಂದಲೇ ತೆಗೆದು ಕಳಿಸುವುದು ಒಳ್ಳೆಯದು. ಯಾವುದೋ ಪುಕ್ಕಟೆ ವಿಪಿಎನ್ ಹಾಕಿಕೊಂಡು ಅದರ ಮೂಲಕ ನಿಮ್ಮ ಆಧಾರ್ ಸಂಖ್ಯೆ ಟೈಪ್ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ವೆಬ್‌ಮೇಲ್ ತೆರೆಯದಿದ್ದರೆ

ಸ್ವಂತ ಡೊಮೇನಿನ (ಜಾಲತಾಣದ ಹೆಸರಿನ) ಮೇಲ್ ಇರುವವರು ಹೆಚ್ಚಾಗಿ ಸಿಪ್ಯಾನೆಲ್ ಅನ್ನುವ ನಿರ್ವಹಣಾ ಫಲಕ ಇರುವ ಹೋಸ್ಟಿಂಗ್‌ನಲ್ಲಿ (ಬಾಡಿಗೆ ಸರ್ವರ್ ಜಾಗದಲ್ಲಿ), ಬ್ರೌಸರಿನಲ್ಲೇ ಮೇಲ್ ತೋರಿಸುವ ರೌಂಡ್‌ಕ್ಯೂಬ್ ಬಳಸುತ್ತಾರೆ. ಅಲ್ಲಿ ಮೊದಲು ನೋಡಬೇಕಾದದ್ದು ಬುಕ್‌ಮಾರ್ಕ್. ಲಾಗಿನ್ ಆದ ಮೇಲೆ ವಿಳಾಸದ ನಡುವೆ ಸಿಪಿಸೆಸ್ ಅಂತ ಶುರುವಾಗುವ ಉದ್ದನೆಯ ಅಂಕಿ ಸೇರಿಕೊಳ್ಳುತ್ತದೆ. ಅದು ಆ ಒಂದು ಲಾಗಿನ್‌ಗೆ ಮಾತ್ರ. ಅದರ ಸಮೇತ ಬುಕ್‌ಮಾರ್ಕ್ ಮಾಡಿಟ್ಟುಕೊಂಡರೆ ಮಾರನೇ ದಿನ ಒಳಗೆ ಬಿಡುವುದಿಲ್ಲ. ಡೊಮೇನ್, ಅದರ ಮುಂದೆ ಪೋರ್ಟ್ (ಸರ್ವರಿನ ಒಳದಾರಿಯ ಸಂಖ್ಯೆ) 2096, ಅಷ್ಟನ್ನೇ ಉಳಿಸಿಕೊಂಡು ಹೊಸದಾಗಿ ಬುಕ್‌ಮಾರ್ಕ್ ಮಾಡಿ. ಆಫೀಸಿನ ನೆಟ್‌ನಲ್ಲಿ 2096 ಥರದ ಪೋರ್ಟ್ ಮುಚ್ಚಿರುವುದುಂಟು. ಆಗ ಡೊಮೇನಿನ ಹಿಂದೆ ವೆಬ್‌ಮೇಲ್ ಅಂತ ಸೇರಿಸಿ, ಚುಕ್ಕೆ ಇಟ್ಟು ತೆರೆಯಿರಿ. ಅದು ಸಾಮಾನ್ಯ ಪೋರ್ಟ್ 443ರ ಮೂಲಕವೇ ಬರುತ್ತದೆ.

ರಾತ್ರಿಯಿಡೀ ತೆರೆದಿಟ್ಟ ಟ್ಯಾಬ್ ಇನ್ನೊಂದು ಕಾರಣ. ಪುಟದೊಳಗೆ ಒಂದು ಗುಪ್ತ ಗುರುತು ಇರುತ್ತದೆ. ಬೇರೆ ಯಾರೂ ನಿಮ್ಮ ಹೆಸರಿನಲ್ಲಿ ಗುಂಡಿ ಒತ್ತದಂತೆ ಕಾಯುವುದಕ್ಕೆ ಅದನ್ನು ಇಟ್ಟಿರುತ್ತಾರೆ. ಅವಧಿ ಮುಗಿದ ಮೇಲೆ ಸೆಂಡ್ ಒತ್ತಿದರೆ ಸಿಎಸ್‌ಆರ್‌ಎಫ್ ಅಂತಲೋ ರಿಕ್ವೆಸ್ಟ್ ಚೆಕ್ ಫೇಲ್ಡ್ ಅಂತಲೋ ಬರುತ್ತದೆ. ಬರೆದದ್ದನ್ನು ಮೊದಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿಕೊಳ್ಳಿ. ಆಮೇಲೆ ರೀಫ್ರೆಶ್ ಮಾಡಿ, ಮತ್ತೆ ಲಾಗಿನ್ ಆಗಿ. ಕಾಪಿ ಮಾಡದೆ ರೀಫ್ರೆಶ್ ಒತ್ತಿ ಎರಡು ಪುಟದ ಪತ್ರ ಕಳೆದುಕೊಂಡವರನ್ನು ನೋಡಿದ್ದೇನೆ, ಬಹಳ ಬೇಜಾರಾಗುತ್ತದೆ.

ಇನ್ನು ಪಾಸ್‌ವರ್ಡ್ ವಿಷಯ. ಶುರುವಿನಲ್ಲೇ ಬದಲಿಸಬೇಡಿ ಅಂದಿದ್ದಕ್ಕೆ ಕಾರಣ ಇದು. ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬದಲಿಸುತ್ತೀರಿ, ಆದರೆ ಫೋನಿನ ಮೇಲ್ ಆ್ಯಪ್‌ಗೆ, ಅಕೌಂಟೆಂಟರ ಔಟ್‌ಲುಕ್‌ಗೆ, ಸ್ಕ್ಯಾನ್ ಮಾಡಿ ನೇರ ಮೇಲ್ ಕಳಿಸುವ ಪ್ರಿಂಟರಿಗೆ ಹೊಸದು ಗೊತ್ತಿಲ್ಲ. ಅವು ಹಳೆಯದನ್ನೇ ಇಟ್ಟುಕೊಂಡು ಕೆಲವು ನಿಮಿಷಕ್ಕೊಮ್ಮೆ ಬಾಗಿಲು ಬಡಿಯುತ್ತವೆ. ಸರ್ವರ್‌ನ ಕಣ್ಣಿಗೆ ಅದು ಕಳ್ಳ ಪಾಸ್‌ವರ್ಡ್ ಊಹಿಸುತ್ತಿರುವ ಹಾಗೇ ಕಾಣುತ್ತದೆ. ಫೇಲ್‌2ಬ್ಯಾನ್ ಅನ್ನುವ ಪ್ರೋಗ್ರಾಂ ಅನ್ನು ಏನೂ ಬದಲಿಸದೆ ಇಟ್ಟರೆ, 10 ನಿಮಿಷದಲ್ಲಿ 5 ಸಲ ತಪ್ಪಿದ ವಿಳಾಸವನ್ನು 10 ನಿಮಿಷ ಹೊರಗೆ ನಿಲ್ಲಿಸುತ್ತದೆ. ಹೋಸ್ಟಿಂಗ್ ಕಂಪನಿಗಳು ಇದನ್ನು ಇನ್ನೂ ಬಿಗಿ ಮಾಡಿರುತ್ತವೆ. ತಡೆ ಬೀಳುವುದು ಐಪಿಗೆ. ಹಾಗಾಗಿ ಒಬ್ಬರ ಫೋನ್ ಮಾಡಿದ ತಪ್ಪಿಗೆ ಇಡೀ ಆಫೀಸಿನ ಮೇಲ್ ನಿಲ್ಲುತ್ತದೆ. ಇಂಥ ತಡೆ ಕೆಲವು ಸಲ 403 ಅಂತ ಕಾಣುತ್ತದೆ, ಕೆಲವು ಸಲ ಪುಟವೇ ಬರದೆ ಸುತ್ತುತ್ತಾ ಕೂರುತ್ತದೆ. ಇದಕ್ಕೆ ಪರಿಹಾರ: ಎಲ್ಲಾ ಫೋನುಗಳಲ್ಲೂ ಆ ಮೇಲ್ ಖಾತೆಯನ್ನು ಆಫ್ ಮಾಡಿ, ಅರ್ಧ ಗಂಟೆ ಬಿಡಿ, ಒಂದೊಂದರಲ್ಲೇ ಸರಿಯಾದ ಪಾಸ್‌ವರ್ಡ್ ಹಾಕಿ ಆನ್ ಮಾಡುತ್ತಾ ಬನ್ನಿ. ಆಗಲೂ ಬಿಡದಿದ್ದರೆ ನಿಮ್ಮ ಐಪಿ ವಿಳಾಸ ಬರೆದು ಹೋಸ್ಟಿಂಗ್‌ನವರಿಗೆ ತಡೆ ತೆಗೆಯಲು ಕೇಳಿ.

ಜಿಮೇಲ್‌ನವರಿಗೆ ಬರುವ 403 ಬೇರೆ ಬಗೆಯದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಒಳಗಿಂದಲೇ ಒಂದು ಕೊಂಡಿ ಒತ್ತಿ, ಅಲ್ಲೇ ಗೂಗಲ್ ಲಾಗಿನ್ ಮಾಡಲು ಹೋದರೆ 403 ಜೊತೆಗೆ ಡಿಸ್‌ಅಲೌಡ್ ಯೂಸರ್ ಏಜೆಂಟ್ ಅಂತ ಬರುತ್ತದೆ. ಆ್ಯಪ್‌ಗಳ ಒಳಗಿನ ಪುಟ್ಟ ಬ್ರೌಸರನ್ನು ಗೂಗಲ್ ಲಾಗಿನ್‌ಗೆ ಒಪ್ಪುವುದಿಲ್ಲ, ಯಾಕೆಂದರೆ ಅಲ್ಲಿ ನೀವು ಟೈಪ್ ಮಾಡುವ ಪಾಸ್‌ವರ್ಡನ್ನು ಆ ಆ್ಯಪ್ ನೋಡಬಹುದು. ಮೂಲೆಯ ಮೂರು ಚುಕ್ಕೆ ಒತ್ತಿ ಕ್ರೋಮ್‌ನಲ್ಲಿ ತೆರೆಯಿರಿ, ಅಷ್ಟೇ. ಡ್ರೈವ್‌ನ ಕೊಂಡಿ ತೆರೆಯದಿದ್ದರೆ ಬಲಮೇಲಿನ ಮೂಲೆಯಲ್ಲಿ ಯಾವ ಖಾತೆ ಇದೆ ನೋಡಿ. ಎರಡು ಮೂರು ಖಾತೆ ಇಟ್ಟುಕೊಂಡವರು ಆಫೀಸಿಗೆ ಬಂದ ಫೈಲನ್ನು ಮನೆಯ ಖಾತೆಯಲ್ಲಿ ತೆರೆಯುತ್ತಿರುತ್ತಾರೆ.

ತೆರೆಯುತ್ತದೆ, ಕಳಿಸಲು ಹೋದರೆ 403

ಇದು ಕನ್ನಡದಲ್ಲಿ ಬರೆಯುವವರಿಗೆ ವಿಶೇಷವಾಗಿ ಕಾಟ ಕೊಡುವ ತೊಂದರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಂಘದ ಮಹಾಸಭೆಯ ನೋಟಿಸ್ ಕಳಿಸಬೇಕಿತ್ತು. ರೌಂಡ್‌ಕ್ಯೂಬ್ ತೆರೆಯಿತು, ಬರುವ ಮೇಲ್ ಎಲ್ಲಾ ಕಾಣುತ್ತಿತ್ತು, ಇಂಗ್ಲಿಷಿನ ಸಣ್ಣ ಉತ್ತರಗಳು ಹೋಗುತ್ತಿದ್ದವು. ನೋಟಿಸ್ ಅಂಟಿಸಿ ಸೆಂಡ್ ಒತ್ತಿದರೆ 403. ಗುಮಾಸ್ತರು ಬೆಳಗಿನಿಂದ ಅದನ್ನೇ ಮತ್ತೆ ಮತ್ತೆ ಒತ್ತಿದ್ದರು ಪಾಪ.

ಸರ್ವರ್‌ನಲ್ಲಿ ಮಾಡ್‌ಸೆಕ್ಯೂರಿಟಿ ಅನ್ನುವ ಕಾವಲು ಇರುತ್ತದೆ. ಒಳಗೆ ಬರುವ ಪ್ರತಿ ಪಠ್ಯವನ್ನೂ ಅದು ಓದಿ, ದಾಳಿಯ ಲಕ್ಷಣ ಕಂಡರೆ 403 ಅಂತ ತಳ್ಳುತ್ತದೆ. ಅದಕ್ಕೆ ಹೆಚ್ಚಿನವರು ಹಾಕುವ ನಿಯಮಗಳ ಕಟ್ಟು ಓವಾಸ್ಪ್ ಅನ್ನುವ ಭದ್ರತಾ ಸಂಸ್ಥೆಯದು. ಅದರಲ್ಲಿ 1ರಿಂದ 4ರ ತನಕ ಬಿಗಿಯ ಮಟ್ಟಗಳಿವೆ. ಮೂರನೇ ಮಟ್ಟದಲ್ಲಿ 942460 ಅಂತ ಒಂದು ನಿಯಮ ಇದೆ. ಅಕ್ಷರವೂ ಅಂಕಿಯೂ ಅಲ್ಲದ ನಾಲ್ಕು ಚಿಹ್ನೆ ಒಟ್ಟಿಗೆ ಬಂದರೆ ಅನುಮಾನ ಪಡು ಅನ್ನುವುದು ಅದರ ಸಾರ. ಅದಕ್ಕೆ ಗೊತ್ತಿರುವ ಅಕ್ಷರ ಇಂಗ್ಲಿಷಿನದು ಮಾತ್ರ. ನಮ್ಮ ಲಿಪಿಯ ಒಂದೊಂದು ಚಿಹ್ನೆಯೂ ಒಳಗೆ ಮೂರು ಬೈಟ್ ಆಗಿ ಹೋಗುತ್ತದೆ. ಕನ್ನಡ ಅನ್ನುವ ಒಂದು ಪದವನ್ನೇ ತೆಗೆದುಕೊಳ್ಳಿ: ಕ, ನ, ಒತ್ತಿಗಾಗಿ ಒಂದು ವಿರಾಮ (ಅರ್ಧಾಕ್ಷರದ) ಚಿಹ್ನೆ, ಮತ್ತೆ ನ, ಡ, ಒಟ್ಟು 5 ಚಿಹ್ನೆ, 15 ಬೈಟ್. ಆ ಹದಿನೈದೂ ಆ ನಿಯಮಕ್ಕೆ ಗೊತ್ತಿಲ್ಲದ ಚಿಹ್ನೆಗಳೇ. ನಮ್ಮ ನುಡಿಯ ಹೆಸರನ್ನೇ ಅದು ದಾಳಿ ಅಂತ ಎಣಿಸುತ್ತದೆ. ಮೊದಲ ಮಟ್ಟದಲ್ಲಿ ಇಟ್ಟವರಿಗೆ ಈ ನಿಯಮದ ಕಾಟ ಇಲ್ಲ. ಮಟ್ಟ ಏರಿಸಿ, ಪಠ್ಯ ಯಾವ ಭಾಷೆಯಲ್ಲಿ ಬರುತ್ತದೆ ಅಂತ ಯೋಚಿಸದೆ ಬಿಟ್ಟ ಸರ್ವರ್‌ಗಳಲ್ಲಿ ಹೀಗಾಗುತ್ತದೆ.

ಪತ್ತೆ ಮಾಡುವುದು ಸುಲಭ. ನಿಮಗೇ ಒಂದು ಸಾಲಿನ ಇಂಗ್ಲಿಷ್ ಮೇಲ್ ಕಳಿಸಿ. ಹೋಯಿತಾ? ಈಗ ಒಂದು ಸಾಲು ಕನ್ನಡ. ಅದೂ ಹೋದರೆ ನೋಟಿಸಿನ ಮೊದಲರ್ಧ, ಆಮೇಲೆ ಉಳಿದರ್ಧ. ಯಾವ ತುಂಡಿನಲ್ಲಿ ನಿಲ್ಲುತ್ತದೋ ಅಲ್ಲಿ ಕಾರಣ ಇದೆ. ಭಾಷೆಯೇ ಕಾರಣ ಆಗಬೇಕೆಂದಿಲ್ಲ, ಉದ್ದನೆಯ ಗೆರೆಗಾಗಿ ಒತ್ತಿದ ನಲವತ್ತು ಅಡ್ಡಗೆರೆಯೋ, ವರ್ಡ್‌ನಿಂದ ಅಂಟಿಸುವಾಗ ಜೊತೆಗೆ ಬಂದ ಕೋಡೋ ಇರಬಹುದು. ವರ್ಡ್‌ಪ್ರೆಸ್‌ನಲ್ಲಿ ಬರಹ ಉಳಿಸಲು ಹೋದಾಗ ಜೆಸನ್ ಉತ್ತರ ಸರಿಯಿಲ್ಲ ಅಂತ ಬರುತ್ತದಲ್ಲ, ಅದರ ಹಿಂದೆಯೂ ಎಷ್ಟೋ ಸಲ ಇದೇ 403 ಇರುತ್ತದೆ, ಪರೀಕ್ಷೆ ಮಾಡುವ ದಾರಿಯೂ ಇದೇ.

ಹೋಸ್ಟಿಂಗ್‌ನವರಿಗೆ ಬರೆಯುವಾಗ "ಮೇಲ್ ಹೋಗ್ತಿಲ್ಲ" ಅಂತ ಬರೆದರೆ ಅವರು ಪಾಸ್‌ವರ್ಡ್ ಬದಲಿಸಿ ಅಂತಲೇ ಉತ್ತರ ಕೊಡುತ್ತಾರೆ. ಹೀಗೆ ಬರೆಯಿರಿ: ಇಂಥ ದಿನ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ, ಈ ಐಪಿಯಿಂದ, ಈ ವಿಳಾಸದಲ್ಲಿ, ಕನ್ನಡ ಪಠ್ಯ ಇರುವ ಮೇಲ್ ಕಳಿಸುವಾಗ 403 ಬಂತು, ಇಂಗ್ಲಿಷ್ ಪಠ್ಯ ಹೋಗುತ್ತದೆ, ಮಾಡ್‌ಸೆಕ್ಯೂರಿಟಿ ಲಾಗ್‌ನಲ್ಲಿ ಯಾವ ನಿಯಮದ ಸಂಖ್ಯೆ ಬಂದಿದೆ ನೋಡಿ, ಆ ಒಂದು ನಿಯಮವನ್ನು ವೆಬ್‌ಮೇಲ್‌ನ ವಿಳಾಸಕ್ಕೆ ಮಾತ್ರ ಬಿಟ್ಟುಕೊಡಿ. ಬಹಳಷ್ಟು ಸರ್ವರ್ ಲಾಗ್‌ಗಳು ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯದಲ್ಲಿರುತ್ತವೆ, ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ನಿಮ್ಮ 11:10 ಅವರ ಲಾಗ್‌ನಲ್ಲಿ 5:40 ಆಗಿರುತ್ತದೆ. ಭಾರತೀಯ ಸಮಯ ಅಂತ ಸ್ಪಷ್ಟವಾಗಿ ಬರೆಯದಿದ್ದರೆ ಅವರು ತಪ್ಪು ಜಾಗದಲ್ಲಿ ಹುಡುಕಿ ಏನೂ ಸಿಗಲಿಲ್ಲ ಅನ್ನುತ್ತಾರೆ. ಇಡೀ ಮಾಡ್‌ಸೆಕ್ಯೂರಿಟಿಯನ್ನೇ ಆಫ್ ಮಾಡುವ ಸಲಹೆಗೆ ಮಾತ್ರ ಒಪ್ಪಬೇಡಿ. ಒಂದು ಹೆಂಚು ಸೋರುತ್ತಿದೆ ಅಂತ ಮಾಡನ್ನೇ ಕಿತ್ತ ಹಾಗಾಗುತ್ತದೆ.

ಜಾಲತಾಣ ನಿಮ್ಮದೇ ಆದರೆ

ನಿಮ್ಮದೇ ತಾಣ ಎಲ್ಲರಿಗೂ 403 ತೋರಿಸುತ್ತಿದ್ದರೆ ಊಹೆ ಮಾಡುತ್ತಾ ಕೂರಬೇಡಿ, ಎರರ್ ಲಾಗ್ ತೆರೆಯಿರಿ. ಸಿಪ್ಯಾನೆಲ್‌ನಲ್ಲಿ ಮೆಟ್ರಿಕ್ಸ್ ಭಾಗದಲ್ಲಿ ಎರರ್ಸ್ ಅಂತ ಇದೆ. ಸ್ವಂತ ಸರ್ವರ್ ಆದರೆ ಲಾಗ್ ಫೋಲ್ಡರಿನ ಒಳಗೆ ಅಪಾಚೆ ಅಥವಾ ಎಂಜಿನ್‌ಎಕ್ಸ್ ಹೆಸರಿನಲ್ಲಿರುತ್ತದೆ. ಅಪಾಚೆ ತನ್ನ ಹೆಚ್ಚಿನ ಸಾಲುಗಳಿಗೆ ಎಎಚ್‌ನಿಂದ ಶುರುವಾಗುವ ಒಂದು ಸಂಖ್ಯೆ ಕೊಡುತ್ತದೆ. ಎಎಚ್ 01276 ಅಂದರೆ ಮುಖಪುಟದ ಫೈಲ್ ಸಿಗಲಿಲ್ಲ. ಎಎಚ್ 01630 ಅಂದರೆ ಸಂರಚನೆಯಲ್ಲೇ ತಡೆ ಬರೆದಿದೆ. ಎಎಚ್ 00035 ಅಂದರೆ ದಾರಿಯಲ್ಲಿರುವ ಯಾವುದೋ ಫೋಲ್ಡರ್ ಒಳಗೆ ಹೋಗಲು ಅನುಮತಿ ಇಲ್ಲ. ಎಎಚ್ 00132 ಅಂದರೆ ಫೈಲನ್ನು ಓದಲು ಅನುಮತಿ ಇಲ್ಲ. ಈ ನಾಲ್ಕು ಸಂಖ್ಯೆ ಗೊತ್ತಿದ್ದರೆ ಕೆಲಸ ಬಹಳ ಬೇಗ ಮುಗಿಯುತ್ತದೆ.

ಮುಖಪುಟ ಸಿಗಲಿಲ್ಲ ಅಂತ ಬಂದರೆ ತಾಣದ ಫೈಲುಗಳಿರುವ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರ್ ತೆರೆದು ಕಣ್ಣಿನಿಂದ ನೋಡಿ. ಜಿಪ್ ಬಿಚ್ಚಿದಾಗ ಎಲ್ಲವೂ ಒಳಗಿನ ಇನ್ನೊಂದು ಫೋಲ್ಡರಿಗೆ ಹೋಗಿ ಕೂತಿರುತ್ತದೆ, ಹೊರಗೆ ಇಂಡೆಕ್ಸ್ ಫೈಲ್ ಇರುವುದಿಲ್ಲ. ಅಥವಾ ಇಂಡೆಕ್ಸ್‌ನ ಮೊದಲ ಅಕ್ಷರ ದೊಡ್ಡದಾಗಿರುತ್ತದೆ. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ.

ಅನುಮತಿಯ ವಿಷಯದಲ್ಲಿ ಎರಡು ಸಂಖ್ಯೆ ಸಾಕು: ಫೋಲ್ಡರುಗಳಿಗೆ 755, ಫೈಲುಗಳಿಗೆ 644. ಪಾಸ್‌ವರ್ಡ್ ಇರುವ ಸಂರಚನೆಯ ಫೈಲುಗಳನ್ನು ಇನ್ನೂ ಬಿಗಿಯಾಗಿ ಇಡಬಹುದು. ಯಾರಾದರೂ 777 ಕೊಡಿ ಅಂದರೆ ಕೊಡಬೇಡಿ. ಸರ್ವರ್‌ನಲ್ಲಿರುವ ಎಲ್ಲರೂ ಬರೆಯಬಹುದು ಅಂತ ಅದರ ಅರ್ಥ. ಎಷ್ಟೋ ಹೋಸ್ಟಿಂಗ್‌ಗಳಲ್ಲಿ 777 ಕೊಟ್ಟರೆ 403 ಹೋಗಿ 500 ಬರುತ್ತದೆ, ಕಷ್ಟ ತಪ್ಪುವುದಿಲ್ಲ. ಫೈಲ್ ಸರಿ ಇದ್ದೂ ತೆರೆಯದಿದ್ದರೆ ಅದರ ಮೇಲಿನ ಫೋಲ್ಡರುಗಳನ್ನೂ ಒಂದೊಂದಾಗಿ ನೋಡಿ. ಉಬುಂಟು ಲಿನಕ್ಸ್‌ನಲ್ಲಿ 21.04ರಿಂದ ಹೊಸದಾಗಿ ಸೇರಿಸಿದ ಬಳಕೆದಾರರ ಮನೆ ಫೋಲ್ಡರಿಗೆ 750 ಅನುಮತಿ ಮಾತ್ರ ಸಿಗುತ್ತದೆ. ತಾಣವನ್ನು ಅದರೊಳಗೆ ಇಟ್ಟರೆ ಎಂಜಿನ್‌ಎಕ್ಸ್ ಹೊಸ್ತಿಲು ದಾಟಲಾಗದೆ 403 ಅನ್ನುತ್ತದೆ. ಹಳೆಯ ವಿಡಿಯೋ ಪಾಠ ನೋಡಿ ಮಾಡಿದವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ತಾಣವನ್ನು ವಾರ್ ಡಬ್ಲ್ಯುಡಬ್ಲ್ಯುಡಬ್ಲ್ಯು ಫೋಲ್ಡರಿಗೆ ಸಾಗಿಸಿ. ಫೆಡೋರಾ, ಅಲ್ಮಾ, ರಾಕಿ ಥರದ ಲಿನಕ್ಸ್‌ಗಳಲ್ಲಿ ಎಸ್‌ಇಲಿನಕ್ಸ್ ಅನ್ನುವ ಇನ್ನೊಂದು ಕಾವಲು ಬೇರೆ ಇದೆ. ಫೈಲನ್ನು ಕಾಪಿ ಮಾಡದೆ ಮೂವ್ ಮಾಡಿದರೆ ಹಳೆಯ ಜಾಗದ ಚೀಟಿ ಅಂಟಿಕೊಂಡೇ ಬರುತ್ತದೆ, ಅನುಮತಿ ಸರಿ ಕಂಡರೂ ಸರ್ವರ್ ಮುಟ್ಟುವುದಿಲ್ಲ. ರಿಸ್ಟೋರ್‌ಕಾನ್ ಅನ್ನುವ ಕಮಾಂಡ್ ಓಡಿಸಿದರೆ ಸರಿಹೋಗುತ್ತದೆ.

ಆಮೇಲೆ ಎಚ್‌ಟಿಆ್ಯಕ್ಸೆಸ್ ಫೈಲ್, ಅಪಾಚೆಗೆ ಫೋಲ್ಡರಿನ ನಿಯಮಗಳನ್ನು ಹೇಳುವ ಫೈಲ್. ಅದರ ಹೆಸರಿನ ಕೊನೆಗೆ ಓಲ್ಡ್ ಅಂತ ಸೇರಿಸಿ, ಪುಟ ತೆರೆದು ನೋಡಿ. ತೆರೆದುಕೊಂಡರೆ ಕಾರಣ ಅದರೊಳಗಿದೆ. ಡಿನೈ ಫ್ರಮ್ ಆಲ್, ರಿಕ್ವೈರ್ ಆಲ್ ಡಿನೈಡ್ ಇಂಥ ಸಾಲು ಹುಡುಕಿ. ಹೆಸರು ಬದಲಿಸುವಾಗ ಮೊದಲಿನ ಚುಕ್ಕೆ ಮತ್ತು ಎಚ್‌ಟಿ ಅಕ್ಷರಗಳನ್ನು ಹಾಗೇ ಬಿಡಿ, ಯಾಕೆಂದರೆ ಆ ಹೆಸರಿನಿಂದ ಶುರುವಾಗುವ ಫೈಲುಗಳನ್ನು ಹೊರಗಿನವರಿಗೆ ತೋರಿಸಬಾರದು ಅಂತ ಅಪಾಚೆಯಲ್ಲಿ ಮೊದಲೇ ನಿಯಮ ಇರುತ್ತದೆ. ವರ್ಡ್‌ಪ್ರೆಸ್ ಆದರೆ ಪ್ಲಗಿನ್ಸ್ ಫೋಲ್ಡರಿನ ಹೆಸರನ್ನೂ ಇದೇ ಥರ ತಾತ್ಕಾಲಿಕವಾಗಿ ಬದಲಿಸಿ ನೋಡಿ, ಭದ್ರತಾ ಪ್ಲಗಿನ್ ನಿಮ್ಮನ್ನೇ ಹೊರಗೆ ಹಾಕಿರಬಹುದು. ಕ್ಲೌಡ್‌ಫ್ಲೇರ್ ಹಿಂದೆ ಇರುವ ತಾಣಗಳಲ್ಲಿ ಆ ಪ್ಲಗಿನ್‌ಗೆ ಬಂದವರ ನಿಜವಾದ ಐಪಿ ಸಿಗುವಂತೆ ಹೊಂದಿಸಿರಬೇಕು. ಇಲ್ಲದಿದ್ದರೆ ಅದು ಕ್ಲೌಡ್‌ಫ್ಲೇರ್‌ನ ಐಪಿಯನ್ನೇ ಕಳ್ಳ ಅಂತ ತಿಳಿದು ಮುಚ್ಚಿ, ಯಾರ್ಯಾರಿಗೋ 403 ಬರುತ್ತದೆ.

ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ

ನನ್ನನ್ನು ಎರಡು ದಿನ ಅಲೆಸಿದ್ದು ಇದು. ಸಂಘದ ತಾಣವನ್ನು ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಸಾಗಿಸಿದ್ದೆ. ಆಫೀಸಿನ ಬ್ರಾಡ್‌ಬ್ಯಾಂಡ್‌ನಲ್ಲಿ ಚೆನ್ನಾಗಿ ಬರುತ್ತಿತ್ತು. ನಿರ್ದೇಶಕರಲ್ಲಿ ಕೆಲವರ ಮೊಬೈಲಿನಲ್ಲಿ 403. ಅದೇ ಮೊಬೈಲ್ ಆಫೀಸಿನ ವೈಫೈ ಹಿಡಿದರೆ ಸರಿ. ನಾನು ಫೈರ್‌ವಾಲ್ ಅಂತಲೇ ನಂಬಿ ಹೊಸ ಹೋಸ್ಟಿಂಗ್‌ನವರಿಗೆ ಬರೆದೆ. ಅವರು ಹುಡುಕಿ, ಆ ಸಮಯಕ್ಕೆ ಆ ಐಪಿಯಿಂದ ಯಾರೂ ಬಂದ ದಾಖಲೆಯೇ ಇಲ್ಲ ಅಂದರು. ಆಗಲೂ ನನಗೆ ಹೊಳೆಯಲಿಲ್ಲ, ಮತ್ತೆ ನೋಡಿ ಅಂತ ಇನ್ನೊಂದು ಸಲ ಬರೆದೆ.

ಕೊನೆಗೆ ಗುಮಾಸ್ತರು ಕಳಿಸಿದ ಸ್ಕ್ರೀನ್‌ಶಾಟನ್ನು ಸರಿಯಾಗಿ ನೋಡಿದೆ. ಗೆರೆಯ ಕೆಳಗೆ ಎಂಜಿನ್‌ಎಕ್ಸ್ ಅಂತಿತ್ತು. ನಮ್ಮ ಹೊಸ ಸರ್ವರ್ ಲೈಟ್‌ಸ್ಪೀಡ್. ಅಂದರೆ ಬೇಡ ಅಂದದ್ದು ನಮ್ಮ ಸರ್ವರ್ ಅಲ್ಲವೇ ಅಲ್ಲ! ಡಿಎನ್‌ಎಸ್ (ಡೊಮೇನ್ ಹೆಸರಿಗೆ ಯಾವ ಐಪಿ ಅಂತ ಹೇಳುವ ಪಟ್ಟಿ) ತೆರೆದು ನೋಡಿದರೆ ಎ ರೆಕಾರ್ಡ್ ಹೊಸ ಸರ್ವರಿಗೆ ಬದಲಾಗಿತ್ತು, ಅದರ ಕೆಳಗೇ ಎಎಎಎ ರೆಕಾರ್ಡ್ ಹಳೆಯ ಹೋಸ್ಟಿಂಗ್‌ನದ್ದೇ ಉಳಿದಿತ್ತು. ಎ ಅನ್ನುವುದು ಐಪಿವಿ4 ವಿಳಾಸ, ಎಎಎಎ ಅನ್ನುವುದು ಐಪಿವಿ6 ವಿಳಾಸ. ಜಿಯೋದಂಥ ಮೊಬೈಲ್ ಜಾಲಗಳು ಐಪಿವಿ6 ಅನ್ನು ಹೇರಳವಾಗಿ ಬಳಸುತ್ತವೆ. ಆ ಫೋನುಗಳು ಎಎಎಎ ನೋಡಿಕೊಂಡು ಹಳೆಯ ಮನೆಗೇ ಹೋಗುತ್ತಿದ್ದವು. ಅಲ್ಲಿ ನಮ್ಮ ಖಾತೆ ಮುಚ್ಚಿದ್ದರಿಂದ 403. ಆಫೀಸಿನ ಬ್ರಾಡ್‌ಬ್ಯಾಂಡ್‌ನಲ್ಲಿ ಐಪಿವಿ4 ಮಾತ್ರ ಇದ್ದದ್ದರಿಂದ ಅಲ್ಲಿ ತೊಂದರೆಯೇ ಕಾಣಲಿಲ್ಲ.

ಎಎಎಎ ಸಾಲು ಅಳಿಸಿದೆ. ಅದರ ಟಿಟಿಎಲ್ 14400 ಸೆಕೆಂಡ್ ಅಂತಿತ್ತು, ಅಂದರೆ 4 ಗಂಟೆ. ಅಷ್ಟು ಹೊತ್ತು ಹಳೆಯ ವಿಳಾಸ ಅಲ್ಲಲ್ಲಿ ನೆನಪಿನಲ್ಲಿ ಉಳಿದಿರುತ್ತದೆ. ಸಂಜೆಯ ಹೊತ್ತಿಗೆ ಎಲ್ಲರಿಗೂ ಬಂತು. ನೀವು ನೋಡಬೇಕಾದರೆ ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ ಎನ್‌ಎಸ್‌ಲುಕಪ್ ಅಂತ ಬರೆದು ಮುಂದೆ ಡೊಮೇನ್ ಹೆಸರು ಹಾಕಿ. ಚುಕ್ಕೆಗಳಿರುವ ವಿಳಾಸ ಐಪಿವಿ4, ಎರಡೆರಡು ಚುಕ್ಕೆ ಮೇಲೆ ಕೆಳಗೆ ಇರುವ ಉದ್ದನೆಯದು ಐಪಿವಿ6. ಎರಡೂ ನಿಮ್ಮ ಈಗಿನ ಹೋಸ್ಟಿಂಗ್‌ನದ್ದೇನಾ ಅಂತ ಕಂಟ್ರೋಲ್ ಪ್ಯಾನೆಲ್ ಜೊತೆ ಹೋಲಿಸಿ. ಲಾಗ್‌ನಲ್ಲಿ ಬಂದವರ ಗುರುತೇ ಇಲ್ಲ ಅಂದರೆ ಅವರು ನಿಮ್ಮ ಮನೆಗೆ ಬಂದೇ ಇಲ್ಲ. ಮೊದಲ ಹೆಜ್ಜೆಯಲ್ಲಿ ಪುಟದ ಕೊನೆಯ ಸಾಲು ಓದಿ ಅಂತ ಅಷ್ಟು ಒತ್ತಿ ಹೇಳಿದ್ದು ಈ ಎರಡು ದಿನದ ಕಾರಣಕ್ಕೇ.

ಸರಿಹೋದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ

ತಾಣ ತೆರೆದುಕೊಂಡ ಖುಷಿಯಲ್ಲಿ ಹೆಸರು ಬದಲಿಸಿದ ಫೈಲುಗಳನ್ನು ಹಾಗೇ ಬಿಟ್ಟು ಎದ್ದುಬಿಡಬೇಡಿ. ಎಚ್‌ಟಿಆ್ಯಕ್ಸೆಸ್ ತಿದ್ದಿ ಮತ್ತೆ ಅದರ ಜಾಗಕ್ಕೆ ಇಡಿ. ಪ್ಲಗಿನ್ಸ್ ಫೋಲ್ಡರಿಗೆ ಮೊದಲಿನ ಹೆಸರು ಕೊಟ್ಟು, ಒಂದೊಂದಾಗಿ ಆನ್ ಮಾಡಿ. ಪರೀಕ್ಷೆಗೆಂದು ಸಡಿಲಿಸಿದ ಅನುಮತಿಗಳನ್ನು 755, 644ಕ್ಕೆ ಮರಳಿಸಿ. ವೈಫೈನಲ್ಲಿ ಒಂದು ಸಲ, ಮೊಬೈಲ್ ಡೇಟಾದಲ್ಲಿ ಒಂದು ಸಲ ತೆರೆದು ನೋಡಿ.

ಆಮೇಲೆ ಬ್ರೌಸರಿನಲ್ಲಿ ನಿಮ್ಮ ಡೊಮೇನ್ ಹಾಕಿ, ಮುಂದೆ ಓರೆಗೆರೆ, ಅದರ ಮುಂದೆ ಚುಕ್ಕೆ ಎಚ್‌ಟಿಆ್ಯಕ್ಸೆಸ್ ಅಂತ ಬರೆದು ತೆರೆಯಿರಿ. ಬ್ಯಾಕಪ್ ಜಿಪ್ ಏನಾದರೂ ಅದೇ ಫೋಲ್ಡರಿನಲ್ಲಿ ಇಟ್ಟಿದ್ದರೆ ಅದರ ಹೆಸರನ್ನೂ, ಚುಕ್ಕೆ ಇಎನ್‌ವಿ (ಪಾಸ್‌ವರ್ಡ್ ಥರದ್ದನ್ನು ಇಡುವ ಫೈಲ್), ಚುಕ್ಕೆ ಗಿಟ್ (ಕೋಡಿನ ಇತಿಹಾಸ ಇಡುವ ಫೋಲ್ಡರ್) ಇದ್ದರೆ ಅವನ್ನೂ ಹಾಗೇ ತೆರೆಯಲು ನೋಡಿ. ಇವಕ್ಕೆಲ್ಲಾ 403 ಅಥವಾ 404 ಬರಲೇಬೇಕು. ಬರದೆ ಫೈಲ್ ತೆರೆದುಕೊಂಡರೆ, ಅಥವಾ ಜಿಪ್ ಇಳಿಯಲು ಶುರುವಾದರೆ, ಬೇರೆ ಎಲ್ಲಾ ಕೆಲಸ ಬಿಟ್ಟು ಮೊದಲು ಅದನ್ನು ಪಬ್ಲಿಕ್ ಎಚ್‌ಟಿಎಂಎಲ್‌ನಿಂದ ಹೊರಗೆ ಸಾಗಿಸಿ, ಅದರೊಳಗಿದ್ದ ಡೇಟಾಬೇಸ್ ಪಾಸ್‌ವರ್ಡನ್ನು ಈಗ ಬದಲಿಸಿ.